ಒಂದು, ಒಂದು, ಎರಡು

ಎಲ್ಲ ರಕ್ಷಕರಿಗೂ ನಮಸ್ಕಾರ. ಮೊನ್ನೆ ಒಂದನೇ ತರಗತಿಯ ಮಕ್ಕಳನ್ನು ಕೇಳಿದೆ, "ನಿಮ್ಮ ಮನೆ ಎಲ್ಲಿ?" ಒಬ್ಬಳು "ತೋಟದ ಕೆಳಗೆ" ಎಂದಳು. ಇನ್ನೊಬ್ಬ "ಅಜ್ಜನ ಮನೆಯ ಹತ್ತಿರ" ಎಂದ. ಎರಡೂ ನಿಜವೇ. ಆದರೆ ಆಂಬುಲೆನ್ಸ್ ಓಡಿಸುವವರಿಗೆ ಅಷ್ಟು ಸಾಲದು, ಅಲ್ವಾ?

ನಮ್ಮ ಕಡೆ ಮನೆಗಳು ದೂರ ದೂರ. ಗುಡ್ಡದ ಬದಿಗೆ ಒಂದು, ಅಡಿಕೆ ತೋಟದ ನಡುವೆ ಇನ್ನೊಂದು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೆ, ಕೂಗಿದರೂ ಯಾರಿಗೂ ಕೇಳುವುದಿಲ್ಲ. ಆಗ ಹತ್ತಿರ ಇರುವುದು ಮಗು, ಮತ್ತೆ ಒಂದು ಫೋನು.

ಒಂದೇ ನಂಬರ್ ಕಲಿಸಿ: 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದು ಸಾಕು. ಅಗ್ನಿಶಾಮಕದ 101, ಆಂಬುಲೆನ್ಸಿನ 108 ದೊಡ್ಡವರಿಗೆ ನೆನಪಿರಲಿ. "ನೂರ ಹನ್ನೆರಡು" ಎಂದು ಮಾತ್ರ ಹೇಳಿಕೊಡಬೇಡಿ. ಒಂದು ಮಗು ಅದನ್ನು 10012 ಎಂದು ಬರೆದಿತ್ತು. ಕಿವಿಗೆ ಬಿದ್ದ ಹಾಗೆ ಬರೆದಿದೆ, ತಪ್ಪು ಅದರದ್ದಲ್ಲ. "ಒಂದು, ಒಂದು, ಎರಡು" ಎನ್ನಿ. ಫೋನಿನ ಲಾಕ್ ತೆಗೆಯಬೇಕಾಗಿಲ್ಲ. ಲಾಕ್ ಇರುವಾಗಲೂ 'ಎಮರ್ಜೆನ್ಸಿ' ಎಂಬಲ್ಲಿಂದ ಈ ನಂಬರಿಗೆ ಕರೆ ಹೋಗುತ್ತದೆ. ಮಗುವಿನ ಬೆರಳು ಹಿಡಿದು ಆ ಜಾಗ ತೋರಿಸಿ.

ಇನ್ನು ಭಾಷೆ. ಕೇರಳದ ಗಡಿನಾಡು ಕಾಸರಗೋಡಿನ ನಮ್ಮ ಮಕ್ಕಳಿಗೆ ಇದೇ ದೊಡ್ಡ ಕಷ್ಟ. ಫೋನಿನ ಆ ಕಡೆಯಿಂದ ಮಲಯಾಳವೇ ಬರುವ ಸಂಭವ ಜಾಸ್ತಿ. ಮನೆಯಲ್ಲಿ ಕನ್ನಡ, ತುಳು ಆಡುವ ಮಗು ಗಾಬರಿಗೆ ಬಾಯಿ ಮುಚ್ಚಿಬಿಡುತ್ತದೆ. ಅಜ್ಜಿ ಬಿದ್ದರು, ಆಂಬುಲೆನ್ಸ್ ಬೇಕು ಎನ್ನಲು ಮಲಯಾಳದ ಎರಡು ಮಾತು ಬಾಯಿಪಾಠ ಮಾಡಿಸಿ: "ಅಮ್ಮಮ್ಮ ವೀಣು. ಆಂಬುಲೆನ್ಸ್ ವೇಣಂ." ಊರಿನ ಹೆಸರೂ ಅಷ್ಟೆ. ನಮಗೆ ಕುಂಬಳೆ, ಮಲಯಾಳ ಆಡುವವರಿಗೆ ಕುಂಬಳ. ನಮ್ಮ ಹೊಸದುರ್ಗವನ್ನು ಅವರು ಕಾಞಂಗಾಡ್ ಎನ್ನುತ್ತಾರೆ. ಎರಡು ಹೆಸರೂ ಮಗುವಿಗೆ ಗೊತ್ತಿರಲಿ. ಗಡಿಯ ತಲಪಾಡಿಯ ಹತ್ತಿರದವರ ಫೋನು ಕೆಲವೊಮ್ಮೆ ಕರ್ನಾಟಕದ ಟವರ್ ಹಿಡಿಯುತ್ತದೆ, ಅದಕ್ಕೆ "ಕಾಸರಗೋಡು ಜಿಲ್ಲೆ" ಎಂದು ಮೊದಲೇ ಹೇಳಲಿ. ಆಮೇಲೆ ಪಂಚಾಯತ್, ಊರು, ಮನೆ ಹೆಸರು. ಹತ್ತಿರದ ಭಜನಾ ಮಂದಿರವೋ ಅಂಗನವಾಡಿಯೋ ಗುರುತಿಗೆ ಇರಲಿ.

ಇಷ್ಟೆಲ್ಲ ಕಲಿತರೂ ಮಗು ಫೋನ್ ಮುಟ್ಟದೇ ಇರಬಹುದು. ನನ್ನ ತಂಗಿಯ ಮಗಳಿಗೆ ಆರು ವರ್ಷ. ಅಮ್ಮ ತಲೆತಿರುಗಿ ಬಿದ್ದಾಗ ಫೋನು ಮೇಜಿನ ಮೇಲೇ ಇತ್ತು. ಮಗು ಪಕ್ಕದಲ್ಲಿ ಕೂತು ಅಳುತ್ತಿತ್ತು. ಯಾಕೆ ಯಾರಿಗೂ ಫೋನ್ ಮಾಡಲಿಲ್ಲ ಎಂದು ಆಮೇಲೆ ಕೇಳಿದೆ. "ಮುಟ್ಟಿದರೆ ಬೈತೀರಲ್ವಾ ದೊಡ್ಡಮ್ಮ" ಎಂದಳು. ಬೈದವರಲ್ಲಿ ನಾನೂ ಇದ್ದೆ. ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಹಾಗಾಗಿ ಬಾಯಿಬಿಟ್ಟು ಹೇಳಿ. ಯಾರಾದರೂ ಬಿದ್ದು, ಕರೆದರೂ ಏಳದಿದ್ದರೆ ಫೋನ್ ತೆಗೆದುಕೋ, ಯಾರೂ ಬೈಯುವುದಿಲ್ಲ. ಬೆಂಕಿ ಕಂಡರೆ ಮೊದಲು ಹೊರಗೆ ಓಡು, ಫೋನ್ ಆಮೇಲೆ. ತಪ್ಪಿ ಕರೆ ಹೋದರೆ ಹೆದರಿ ಇಟ್ಟುಬಿಡಬೇಡ, ತಪ್ಪಾಯ್ತು ಎಂದು ಹೇಳು.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಆಟದ ಫೋನ್ ಮಗುವಿನ ಕೈಗೆ ಕೊಡಿ. ನಿಜವಾದ ನಂಬರಿಗೆ ಸುಮ್ನೆ ಕರೆ ಮಾಡಿ ನೋಡುವುದು ಬೇಡ. ನೀವು ಬಾಗಿಲ ಹಿಂದೆ ನಿಂತು, ಮಗುವಿಗೆ ಗುರುತು ಸಿಗದ ದನಿಯಲ್ಲಿ, ಏನಾಯ್ತು, ಮನೆ ಎಲ್ಲಿ ಎಂದು ಮಲಯಾಳದಲ್ಲೇ ಕೇಳಿ: "ಎಂದು ಪಟ್ಟಿ? ವೀಡ್ ಎವಿಡೆಯಾ?"