ಮುಚ್ಚಿ, ಆದರೆ ಕೈ ಹೋಗಲು ದಾರಿ ಬಿಡಿ: ಹಳೆ ಮನೆಯ ನವೀಕರಣದಲ್ಲಿ ಪೈಪು, ಬೀಮು, ತೇವದ ಗೋಡೆ

ಎಲ್ಲರಿಗೂ ನಮಸ್ಕಾರ. ಹಾಲ್‌ನಲ್ಲಿ ಅಡ್ಡ ಬಂದ ಬೀಮು, ಮೂಲೆಯಲ್ಲಿ ಇಳಿದ ನಾಲ್ಕಿಂಚಿನ ಪೈಪು, ಬಾತ್‌ರೂಮಿನಲ್ಲಿ ತಲೆ ಮೇಲೆ ನೇತಾಡುವ ಮೇಲ್ಮನೆಯವರ ಟ್ರ್ಯಾಪು (ವಾಸನೆ ತಡೆಯಲು ನೀರು ನಿಲ್ಲುವ ಡ್ರೈನ್ ಪೈಪಿನ ಬಾಗು), ಬಾಗಿಲ ಪಕ್ಕದ ಡಿಬಿ (ಮನೆಯ ಕರೆಂಟಿನ ಮುಖ್ಯ ಸ್ವಿಚ್ಚುಗಳ ಪೆಟ್ಟಿಗೆ), ಎಷ್ಟು ಬಣ್ಣ ಬಳಿದರೂ ಗುಳ್ಳೆ ಏಳುವ ಗೋಡೆ. ಹಳೆ ಮನೆಯನ್ನು ಹೊಸದು ಮಾಡುವಾಗ ಇವೆಲ್ಲಕ್ಕೂ ಸಿಗುವ ಸಲಹೆ ಒಂದೇ: “ಪ್ಯಾನೆಲ್ ಹೊಡೆದುಬಿಡೋಣ ಸಾರ್.” ಆದರೆ ಇವೆಲ್ಲ ಒಂದೇ ಜಾತಿಯವಲ್ಲ. ಬೀಮು ಸುಮ್ಮನೆ ನಿಂತಿರುವ ವಸ್ತು, ಅದನ್ನು ಪೂರ್ತಿ ಮುಚ್ಚಿದರೂ ನಷ್ಟವಿಲ್ಲ. ಪೈಪು, ವೈರು ದಿನವೂ ಕೆಲಸ ಮಾಡುತ್ತವೆ, ಒಂದಲ್ಲ ಒಂದು ದಿನ ಕೆಡುತ್ತವೆ. ಅವನ್ನು ಮುಚ್ಚಿದರೂ ಕೈ ಹೋಗಬೇಕು. ತೇವ ಮಾತ್ರ ವಾಸಿಯಾಗುವವರೆಗೆ ಮುಚ್ಚುವಂತಿಲ್ಲ.

ತೇವದಿಂದಲೇ ಶುರು ಮಾಡೋಣ, ದುಡ್ಡು ಹೆಚ್ಚು ಹಾಳಾಗುವುದು ಅಲ್ಲೇ. ಮೊದಲು ಗುಳ್ಳೆ ಎದ್ದ ಬಣ್ಣ, ಪುಟ್ಟಿ ಕೆರೆದು ತೆಗೆಯಿರಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಲ್ಲಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನ್ ಸರಿ ಮಾಡಿದರೆ ಸಾಕು.

ಒಳಗಿನ ನೀರಾದರೆ ಕಲೆ ಎಲ್ಲಿದೆ ಎಂಬುದೇ ಸುಳಿವು. ನೆಲದಿಂದ ಮೂರಡಿಯೊಳಗೆ ಉದ್ದಕ್ಕೂ ಹಬ್ಬಿದ್ದರೆ ಪಾಯದ ತೇವ ಮೇಲೇರುತ್ತಿದೆ ಎಂದು ಅನುಮಾನಿಸಿ. ಸ್ಲ್ಯಾಬಿನ ಕೆಳಗಿದ್ದರೆ ತಾರಸಿ ನೋಡಿ. ಬಾತ್‌ರೂಮಿನ ಬೆನ್ನಿಗೆ ನಡು ಗೋಡೆಯಲ್ಲಿದ್ದರೆ ಪೈಪಿನ ಜಾಯಿಂಟೋ ಟೈಲ್ಸ್ ಸಂದೋ ಕಾರಣ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ರಾತ್ರಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ನಲ್ಲಿ, ಫ್ಲಶ್ ಯಾವುದನ್ನೂ ಮುಟ್ಟದೆ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಸಪ್ಲೈ ಲೈನೋ ಸೋರುವ ನಲ್ಲಿಯೋ ಇದೆ. ಇಳಿಯದಿದ್ದರೆ ತ್ಯಾಜ್ಯದ ಪೈಪು ಅಥವಾ ಟೈಲ್ಸ್ ಸಂದಿನ ಕಡೆ ತಿರುಗಿ.

ಮೂಲ ನಿಲ್ಲಿಸಿದ ಮೇಲೆ ಕಲೆಯ ಅಂಚಿನಿಂದ ಇನ್ನೂ ಒಂದಡಿ ಆಚೆವರೆಗೆ ಹಳೆ ಪ್ಲಾಸ್ಟರಿಂಗ್ ಕೆಡವಿ. ಮೇಲೆದ್ದ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಆಮೇಲೆ ಕಾಯಬೇಕು. ಒಂದಿಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಎನ್ನುವುದು ಗಾಳಿಯಾಡುವ ಕಡೆಯ ಲೆಕ್ಕ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಆ ಲೆಕ್ಕವೂ ನಡೆಯುವುದಿಲ್ಲ. ಇಷ್ಟು ಕಾಯಲಾಗದೆ ಪಿವಿಸಿ ಪ್ಯಾನೆಲ್ ಹೊಡೆಸುವವರೇ ಹೆಚ್ಚು. ಆಗ ಮುಂದಕ್ಕೆ ಆರಿಹೋಗಲು ದಾರಿಯಿಲ್ಲದ ನೀರು ಇನ್ನೂ ಮೇಲೇರಿ, ಪ್ಯಾನೆಲ್ ಮುಗಿಯುವ ಅಂಚಿನ ಮೇಲೆ ಹೊಸ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಎಂಡಿಎಫ್ ಲೂವರ್ (ಮರದ ನಾರು ಒತ್ತಿ ಮಾಡಿದ ಗೆರೆಗೆರೆ ಪ್ಯಾನೆಲ್) ಆದರೆ ತಳದಿಂದ ಊದಿಕೊಳ್ಳುತ್ತದೆ. ಹಿಂದೆ ಮರದ ಪಟ್ಟಿ ಕೊಟ್ಟಿದ್ದರೆ ತೇವ, ಕತ್ತಲೆ, ಮರ ಮೂರೂ ಸಿಕ್ಕಿ ಗೆದ್ದಲಿಗೆ ಹಬ್ಬ.

ಇನ್ನು ಬಾತ್‌ರೂಮು. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಮೇಲಿನ ಮನೆಯ ಟ್ರ್ಯಾಪು, ಬೆಂಡುಗಳು ನಮ್ಮ ಸ್ಲ್ಯಾಬಿನ ಕೆಳಗೇ ಇರುತ್ತವೆ. ಫಾಲ್ಸ್ ಸೀಲಿಂಗ್ ಮಾಡಿಸಿ, ತಪ್ಪೇನಿಲ್ಲ. ಟ್ರ್ಯಾಪಿನ ತಳದಿಂದ ಎರಡಿಂಚು ಕೆಳಗೆ ಫ್ರೇಮ್ ಬರಲಿ, ನೆಲದಿಂದ ಕನಿಷ್ಠ ಏಳಡಿ ಎತ್ತರ ಉಳಿಯಲಿ. ಮಾಮೂಲಿ ಜಿಪ್ಸಂ ಬೋರ್ಡ್ ಇಲ್ಲಿ ಬೇಡ, ಒಂದು ಸೋರಿಕೆಗೇ ಜೋತು ಬೀಳುತ್ತದೆ. ಎರಡಡಿ ಚೌಕದ ಗ್ರಿಡ್‌ಗೆ ಕ್ಯಾಲ್ಸಿಯಂ ಸಿಲಿಕೇಟ್ ಟೈಲ್ ಹಾಕಿಸಿದರೆ ಯಾವ ಟೈಲನ್ನು ಬೇಕಾದರೂ ಎತ್ತಿ ನೋಡಬಹುದು. ಗ್ರಿಡ್ ಆಫೀಸಿನಂತೆ ಕಾಣುತ್ತದೆ ಎನ್ನುವವರು ಪಿವಿಸಿ ಪ್ಯಾನೆಲ್ ಹಾಕಿಸಿಕೊಳ್ಳಲಿ, ಆದರೆ ಟ್ರ್ಯಾಪಿನ ನೇರ ಕೆಳಗೆ ಒಂದೂವರೆ ಅಡಿ ಚೌಕದ ಟ್ರ್ಯಾಪ್ ಡೋರ್, ಅಂದರೆ ತೆರೆಯುವ ಕಿಂಡಿ ಬಾಗಿಲು, ಇರಲೇಬೇಕು. ಪ್ಲಂಬರ್‌ಗೆ ತಲೆ, ಎರಡು ಕೈ, ಒಂದು ಪೈಪ್ ರೆಂಚ್ ಒಟ್ಟಿಗೆ ಹಿಡಿಸಬೇಕು. ಒಂಬತ್ತಿಂಚಿನ ಕಿಂಡಿಯಲ್ಲಿ ಸೋರಿಕೆ ಕಾಣುತ್ತದೆಯೇ ಹೊರತು ರಿಪೇರಿ ಆಗುವುದಿಲ್ಲ.

ಗೀಸರನ್ನೂ ಸೀಲಿಂಗ್ ಮೇಲೆ ಬಚ್ಚಿಡುವ ರೂಢಿ ಈಗ ಬಂದಿದೆ. 25 ಲೀಟರಿನದಾದರೆ ನೀರೇ 25 ಕೆಜಿ, ಮೇಲೆ ಅದರ ಸ್ವಂತ ತೂಕ. ಭಾರವೆಲ್ಲ ಗಟ್ಟಿ ಗೋಡೆಯ ಆಂಕರ್ ಬೋಲ್ಟ್ ಮೇಲಿರಬೇಕು, ಸೀಲಿಂಗ್ ಫ್ರೇಮಿಗೆ ಒಂದು ಗ್ರಾಂ ಕೂಡ ತಾಗಬಾರದು. ಸೀಲಿಂಗಿನ ಕಿಂಡಿ ಬಾಗಿಲು ಗೀಸರನ್ನೇ ಇಳಿಸುವಷ್ಟು ದೊಡ್ಡದಿರಲಿ. ನೀರು ಕಾಯಿಸುವ ಎಲಿಮೆಂಟನ್ನು ಹೊರಗೆಳೆಯಲು ಆ ಕಡೆ ಜಾಗ ಬೇಕು. ಸೇಫ್ಟಿ ವಾಲ್ವಿನಿಂದ ಹನಿಯುವ ನೀರನ್ನು ಒಂದು ಸಣ್ಣ ಪೈಪಿನಲ್ಲಿ ಕಣ್ಣಿಗೆ ಕಾಣುವ ಜಾಗಕ್ಕೆ ಇಳಿಸಿ. ಎಕ್ಸಾಸ್ಟ್ ಫ್ಯಾನಿನ ಡಕ್ಟ್ ಗೋಡೆ ದಾಟಿ ಹೊರಗೇ ಹೋಗಬೇಕು. ಸೀಲಿಂಗ್ ಮೇಲೆ ಬಿಟ್ಟರೆ ಬಿಸಿನೀರಿನ ಹಬೆಯೆಲ್ಲ ಅಲ್ಲೇ ತಂಗಿ ಬೂಸ್ಟು ಹಿಡಿಯುತ್ತದೆ.

ಮೂಲೆಯ 110 ಮಿಲಿಮೀಟರ್ ಪೈಪಿಗೆ ಪೆಟ್ಟಿಗೆ ಕಟ್ಟುವಾಗ ಪೈಪನ್ನಷ್ಟೇ ಅಳೆದರೆ ಸಾಕೆಯೇ? ಸಾಲದು. ಪೈಪು ಕೂಡುವ ಸಾಕೆಟ್ ಇನ್ನೂ ದಪ್ಪ, ಕ್ಲಾಂಪು ಅದನ್ನು ಗೋಡೆಯಿಂದ ದೂರ ನಿಲ್ಲಿಸಿರುತ್ತದೆ. ಒಳ ಅಳತೆ ಏಳಿಂಚು ಚೌಕ ಇಟ್ಟುಕೊಂಡರೆ ಸಾಮಾನ್ಯವಾಗಿ ನೆಮ್ಮದಿ. ಜಿಐ (ಸತು ಲೇಪಿಸಿದ ಕಬ್ಬಿಣ) ಚಾನೆಲ್ ಫ್ರೇಮಿಗೆ 8 ಮಿಲಿಮೀಟರ್ ಸಿಮೆಂಟ್ ಬೋರ್ಡ್ ಸ್ಕ್ರೂ ಮಾಡಿ. ಮುಚ್ಚುವ ಮೊದಲು ಪೈಪಿನ ಸುತ್ತ ಸದ್ದು ತಡೆಯುವ ಕಲ್ಲುನಾರಿನ ಹೊದಿಕೆ, ಎರಡಿಂಚಿನ ರಾಕ್‌ವುಲ್ ಸುತ್ತಿದರೆ ಮೇಲಿನವರು ನಡುರಾತ್ರಿ ಫ್ಲಶ್ ಮಾಡಿದ್ದು ನಿಮ್ಮ ಮಲಗುವ ಕೋಣೆಗೆ ಅಷ್ಟಾಗಿ ಕೇಳುವುದಿಲ್ಲ. ಅದಕ್ಕಾಗಿ ಪೆಟ್ಟಿಗೆಯನ್ನು ಒಂದೆರಡಿಂಚು ದೊಡ್ಡದು ಮಾಡಬೇಕಾದೀತು. ಡೋರ್ ಟೀ (ಕಟ್ಟಿಕೊಂಡದ್ದನ್ನು ತೆಗೆಯಲು ಮುಚ್ಚಳವಿರುವ ಜಾಯಿಂಟು) ಇರುವ ಎತ್ತರಕ್ಕೆ ಸರಿಯಾಗಿ ಸ್ಕ್ರೂ ಬಿಚ್ಚಿ ತೆಗೆಯುವ ಮುಚ್ಚಳ ಕೊಡಿ. ಗಾರೆಯವರು ಇಟ್ಟಿಗೆಯಲ್ಲಿ ಕಟ್ಟಿ ಟೈಲ್ಸ್ ಹಾಕಿಬಿಡುತ್ತೇವೆ ಎಂದರೆ ಒಪ್ಪಬೇಡಿ.

ನೀರಿನ ಸಣ್ಣ ಪೈಪನ್ನು ಗೋಡೆಯೊಳಗೆ ಹುದುಗಿಸಬಹುದು, ಆದರೆ ಕೊರೆಯಲು ಮಿತಿಯಿದೆ. ಗೋಡೆ ಕಟ್ಟುವ ಭಾರತೀಯ ಮಾನದಂಡ ಐಎಸ್ 1905ರ ಪ್ರಕಾರ ನಿಲುವು ಗಾಡಿಯ (ಪೈಪಿಗಾಗಿ ಕೊರೆಯುವ ಕಾಲುವೆಯ) ಆಳ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡ ಗಾಡಿಯದು ಆರನೇ ಒಂದು ಭಾಗ ಮೀರಬಾರದು. ನಾಲ್ಕಿಂಚಿನ ಬ್ಲಾಕ್ ಗೋಡೆಗೆ ಲೆಕ್ಕ ಹಾಕಿ ನೋಡಿ: ಅಡ್ಡಕ್ಕೆ ಸಿಗುವುದು 17 ಮಿಲಿಮೀಟರ್ ಕೂಡ ಇಲ್ಲ. ಬಿಸಿನೀರಿಗೂ ಹಾಕುವ ಪ್ಲಾಸ್ಟಿಕ್ ಪೈಪು, ಮುಕ್ಕಾಲಿಂಚಿನ ಸಿಪಿವಿಸಿಯ ಹೊರ ಅಳತೆಯೇ 22. ಹಾಗಾಗಿ ಅಡ್ಡ ಓಟವನ್ನು ಸೀಲಿಂಗ್ ಮೇಲೆ ಸಾಗಿಸಿ, ಬೇಕಾದಲ್ಲಿ ಮಾತ್ರ ನೇರ ಕೆಳಗಿಳಿಸಿ. ಗಾಡಿ ಮುಚ್ಚುವ ಮೊದಲು ಗೀಸರ್ ಬಿಚ್ಚಿ, ತುದಿಗಳಿಗೆ ಪ್ಲಗ್ ಹಾಕಿ, ಹ್ಯಾಂಡ್ ಪಂಪ್‌ನಿಂದ ಚದರ ಸೆಂಟಿಮೀಟರಿಗೆ 10 ಕೆಜಿ ಒತ್ತಡ ಕೊಟ್ಟು ಒಂದು ಗಂಟೆ ಗೇಜಿನ ಮುಳ್ಳು ನೋಡಿ. ಇಳಿಯದಿದ್ದರೆ ಮಾತ್ರ ಚಿಕನ್ ಮೆಶ್ (ತೆಳು ತಂತಿ ಬಲೆ) ಹೊಡೆದು ಗಾರೆ ಮಾಡಿ. ಮೆಶ್ ಬಿಟ್ಟರೆ ಗಾಡಿಯುದ್ದಕ್ಕೂ ಬಿರುಕು ಗ್ಯಾರಂಟಿ. ಬೀಮು, ಪಿಲ್ಲರನ್ನಂತೂ ಕೊರೆಯಲೇಬೇಡಿ. ಬೀಮಿನ ಕಂಬಿಯ ಮೇಲಿರುವ ಕಾಂಕ್ರೀಟ್ ಹೊದಿಕೆ ಹೆಚ್ಚೆಂದರೆ ಒಂದಿಂಚಿನ ಆಸುಪಾಸು.

ಬೀಮಿನ ವಿಷಯದಲ್ಲಿ ಎಲ್ಲರೂ ಮಾಡುವುದು ಇಡೀ ಸೀಲಿಂಗನ್ನು ಅದರ ತಳಕ್ಕೆ ಇಳಿಸುವುದು. ಹತ್ತಡಿ ಎತ್ತರದ ಕೋಣೆಯಲ್ಲಿ ಬೀಮು ಹದಿನೈದಿಂಚು ಇಳಿದಿದ್ದರೆ, ಫ್ರೇಮೂ ಸೇರಿ ಉಳಿಯುವುದು ಎಂಟೂವರೆ ಅಡಿ. ಅದರ ಕೆಳಗೆ ಫ್ಯಾನು ಬೇರೆ. ಬೀಮು ಗೋಡೆಗೆ ಅಂಟಿಕೊಂಡಿದ್ದರೆ ಅದರ ಕೆಳಗೆ ಎರಡಡಿ ಆಳದ ವಾರ್ಡ್‌ರೋಬ್ ನಿಲ್ಲಿಸಿ, ಮೇಲಿನ ಅಟ್ಟದ ಬಾಗಿಲೂ ಬೀಮೂ ಒಂದೇ ಗೆರೆಯ ಹಿಂದೆ ಹೋಗುತ್ತವೆ. ನಡುವೆ ಬಂದಿದ್ದರೆ ಅದೇ ಅಳತೆಯ ಡಮ್ಮಿ ಬೀಮನ್ನು ಸಮಾನ ದೂರದಲ್ಲಿ ಇನ್ನೊಂದು ಕೊಡಿ. ಒಂಟಿ ಬೀಮು ತಪ್ಪಿನಂತೆ ಕಾಣುತ್ತದೆ, ಎರಡಾದರೆ ಬೇಕೆಂದೇ ಮಾಡಿಸಿದ್ದು ಅನ್ನಿಸುತ್ತದೆ.

ಜಿಪ್ಸಂ ಸೀಲಿಂಗ್ ಮಾಡಿಸುವುದೇ ಆದರೆ ಸ್ಲ್ಯಾಬಿನಿಂದ ನೇತಾಡುವ ಲೋಹದ ಪಟ್ಟಿಯಾದ ಇಂಟರ್‌ಮೀಡಿಯೆಟ್ ಚಾನೆಲ್ ನಾಲ್ಕಡಿಗೊಂದು, ಅದಕ್ಕೆ ಅಡ್ಡವಾಗಿ ಬೋರ್ಡು ಹಿಡಿಯುವ ಸೀಲಿಂಗ್ ಸೆಕ್ಷನ್ ಹದಿನೆಂಟಿಂಚಿಗೊಂದು, 12.5 ಮಿಲಿಮೀಟರ್ ಬೋರ್ಡು, ಒಂಬತ್ತಿಂಚಿಗೊಂದು ಸ್ಕ್ರೂ. ಸಾಮಾನು ಉಳಿಸಲು ಸೆಕ್ಷನ್ ಅಂತರವನ್ನು ಎರಡಡಿಗೆ ಎಳೆಯುತ್ತಾರೆ; ಬೋರ್ಡು ಹೊಡೆದ ಮೇಲೆ ಅದು ಕಾಣುವುದಿಲ್ಲ, ಸೀಲಿಂಗಿನ ಅಂಚಿನಲ್ಲಿ ಅಡಗಿಸಿದ ಕೋವ್ ಲೈಟ್ ಹಚ್ಚಿದಾಗ ಅಲೆಯಲೆಯಾಗಿ ಕಾಣುತ್ತದೆ. ಫ್ಯಾನಿನ ರಾಡು ಸ್ಲ್ಯಾಬಿನ ಕೊಕ್ಕೆಯಿಂದಲೇ ಇಳಿಯಬೇಕು. ಸ್ಲ್ಯಾಬಿಗೆ ಡ್ರಿಲ್ ಹಾಕುವಾಗ ಫ್ಯಾನ್ ಪಾಯಿಂಟಿನಿಂದ ಸ್ವಿಚ್ ಬೋರ್ಡ್ ಗೋಡೆಯ ಕಡೆಗಿನ ನೇರ ಗೆರೆಯನ್ನು ತಪ್ಪಿಸಿ, ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ.

ಡಿಬಿಯ ಮುಂದೆ ಕೀಲಿನ ಮೇಲೆ ತೆರೆಯುವ ಹಗುರ ಚಿತ್ರಪಟ ಸಾಕು. ಬೀಗ, ಅದರ ಮುಂದೆ ಶೂ ರ‍್ಯಾಕ್ ಎರಡೂ ಬೇಡ. ಕತ್ತಲಲ್ಲಿ ಮಕ್ಕಳೂ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್) ಇಳಿಸುವಂತಿರಬೇಕು. ಗ್ಯಾಸಿನ ಕೊಳವೆಯನ್ನು ಮಾತ್ರ ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಬೇಡಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಕ್ಯಾಬಿನೆಟ್ಟಿನ ತಳದಲ್ಲಿ ಜಾಲರಿ ಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಮೇಲ್ಗಡೆ ಬೇಕು. ಆ ಕೊಳವೆಗೆ ಗೋಡೆಯದೇ ಬಣ್ಣ ಬಳಿಯಬಹುದಲ್ಲ ಎಂದು ಕೇಳುತ್ತಾರೆ; ಗ್ಯಾಸ್ ಲೈನ್ ಎಂದು ಗುರುತು ಸಿಗಬೇಕಾದ್ದರಿಂದ ಅದನ್ನು ಹಾಗೇ ಬಿಡಿ. ನೀರಿನ ಪಿವಿಸಿ ಪೈಪಿಗಾದರೆ 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಕೊಟ್ಟು ಬಳಿಯಿರಿ. ಇಷ್ಟು ಮಾಡಿದರೆ ಪೆಟ್ಟಿಗೆಯೇ ಬೇಡವಾಗುವುದೂ ಉಂಟು.

ಗಾರೆ ಬೀಳುವ, ಬೋರ್ಡು ಹತ್ತುವ ಹಿಂದಿನ ದಿನ ಪ್ರತಿ ಗೋಡೆಯ, ಸೀಲಿಂಗಿನ ಫೋಟೋ ತೆಗೆಯಿರಿ. ಚಿತ್ರದಲ್ಲಿ ಅಳತೆ ಟೇಪು ಬಿಚ್ಚಿಟ್ಟಿರಲಿ, ಒಂದು ತುದಿ ನೆಲಕ್ಕೋ ಮೂಲೆಗೋ ತಾಗಿರಲಿ. ಪ್ರಿಂಟ್ ಹಾಕಿಸಿ ಡಿಬಿ ಬಾಗಿಲ ಒಳಬದಿಗೆ ಅಂಟಿಸಿ.