ಕೀಮೋದಿಂದ ಚರ್ಮ ಕಪ್ಪಾಗಿದೆಯಾ? ಉಜ್ಜಬೇಡಿ

ನಮಸ್ಕಾರ. ಕ್ಯಾನ್ಸರ್‌ಗೆ ಕೊಡುವ ಕೀಮೋ ಶುರುವಾಗಿ ಎರಡು ಮೂರು ವಾರ ಆಗಿರುತ್ತದೆ. ಬೆರಳಿನ ಗಿಣ್ಣು, ಅಂಗೈ ಗೆರೆ, ಉಗುರು, ಕೆಲವರಿಗೆ ನಾಲಿಗೆಯೂ ಕಪ್ಪಾಗುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಯಾಕೆಂದರೆ ಅದು ಕೊಳೆಯಲ್ಲ, ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ಜಾಸ್ತಿಯಾಗಿದೆ, ಅಷ್ಟೆ. ಕಾಯಿಲೆ ಹೆಚ್ಚಾಯಿತು ಅಂತಲೂ ಅಲ್ಲ.

(ತೆರೆಯ ಮೇಲೆ: ಮುಂಗೈಯ ಚಿತ್ರ, ರಕ್ತನಾಳದ ಗುಂಟ ಕಪ್ಪು ಗೆರೆ)

5-ಫ್ಲೋರೋಯುರಾಸಿಲ್ ಎಂಬ ಕೀಮೋ ಔಷಧಿ ಕೊಟ್ಟ ರಕ್ತನಾಳದ ಗುಂಟ ಹೀಗೆ ಗೆರೆ ಮೂಡಬಹುದು. ಬ್ಲಿಯೋಮೈಸಿನ್ ಎಂಬ ಇನ್ನೊಂದು ಕೀಮೋ ಔಷಧಿ ತೆಗೆದುಕೊಂಡವರ ಬೆನ್ನಿನ ಮೇಲೆ ಚಾಟಿಯೇಟು ಬಿದ್ದಂಥ ಬರೆ ಕಾಣಬಹುದು. ರೇಡಿಯೇಷನ್ ಆದರೆ ಕಿರಣ ಬಿದ್ದ ಜಾಗ ಕಪ್ಪಾಗುತ್ತದೆ. ಇಮ್ಯಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆಯದು ಉಲ್ಟಾ, ಅದರಿಂದ ಚರ್ಮ ಬಿಳಿಚಿಕೊಳ್ಳುವುದೂ ಉಂಟು.

ಈಗ ನಾನು ತುಂಬ ಕಾಳಜಿಯಿಂದ ಹೇಳುವ ಮಾತು. ದಯವಿಟ್ಟು ಉಜ್ಜಬೇಡಿ. ನಿಂಬೆರಸ, ಬ್ಲೀಚ್, ಬಿಳಿ ಮಾಡುವ ಕ್ರೀಮ್ ಯಾವುದೂ ಬೇಡ. ಉರಿ, ಗಾಯ ಆದ ಚರ್ಮ ಇನ್ನೂ ಜಾಸ್ತಿ ಮೆಲನಿನ್ ತಯಾರಿಸುತ್ತದೆ. ಅಂದರೆ ಕಪ್ಪು ಹೋಗಲಿ ಅಂತ ಮಾಡಿದ್ದೇ ಕಪ್ಪು ಹೆಚ್ಚಿಸುತ್ತದೆ. ಬಿಳಿ ರಕ್ತಕಣ ಕಡಿಮೆಯಿದ್ದಾಗ ಸಣ್ಣ ಗೀರಿನಿಂದಲೂ ಸೋಂಕು ತಗಲಬಹುದು. ಕೆಲವು ಬಿಳಿ ಮಾಡುವ ಕ್ರೀಮ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಬಿಸಿಲು ತಪ್ಪಿಸಿ, ಅದೇ ದೊಡ್ಡ ಕೆಲಸ. ತುಂಬು ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ವಾಸನೆಯಿಲ್ಲದ ಮಾಯಿಶ್ಚರೈಸರ್, ಉಗುರುಬೆಚ್ಚಗಿನ ನೀರು ಸಾಕು. ರೇಡಿಯೇಷನ್ ನಡೆಯುತ್ತಿರುವ ಜಾಗಕ್ಕೆ ಮಾತ್ರ ಡಾಕ್ಟರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ಕನ್ನಡಿ ನೋಡಲು ಬೇಜಾರಾಗುತ್ತದೆ, ಅಲ್ವಾ? ಅದು ಸಣ್ಣ ನೋವಲ್ಲ. ಗಾಯವಿಲ್ಲದ ಕಡೆ ಮೇಕಪ್ ಹಚ್ಚಿ ಮುಚ್ಚಬಹುದು. ಮನೆಯವರು ಬಂದವರೆದುರು "ಎಷ್ಟು ಕಪ್ಪಾಗಿದ್ದೀಯ" ಅನ್ನದಿದ್ದರೆ ಅದೇ ದೊಡ್ಡ ಉಪಕಾರ.

ಚಿಕಿತ್ಸೆ ಮುಗಿದ ಮೇಲೆ ಹೊಸ ಚರ್ಮ ಬಂದ ಹಾಗೆ ಬಣ್ಣ ನಿಧಾನಕ್ಕೆ ತಿಳಿಯಾಗುತ್ತದೆ. ಬಹಳ ಜನರಿಗೆ ಕೆಲವು ತಿಂಗಳು ಬೇಕು, ಕೆಲವರಿಗೆ ಸ್ವಲ್ಪ ಉಳಿಯಲೂಬಹುದು. ಕೈಯುಗುರು ಪೂರ್ತಿ ಬದಲಾಗಲು ಸುಮಾರು 6 ತಿಂಗಳು, ಕಾಲುಗುರಿಗೆ ಒಂದು ವರ್ಷಕ್ಕೂ ಜಾಸ್ತಿ.

(ತೆರೆಯ ಮೇಲೆ: ಕೂಡಲೇ ಕರೆ ಮಾಡಿ)

ಕಣ್ಣು ಹಳದಿಯಾದರೆ, ಅಂಗೈ ಅಂಗಾಲು ಉರಿದು ಬೊಬ್ಬೆ ಬಂದರೆ, ಸೂಜಿ ಚುಚ್ಚಿದ ಜಾಗ ಊದಿ ನೋಯುತ್ತಿದ್ದರೆ ಮುಂದಿನ ಕೀಮೋವರೆಗೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ.