ಲಂಗರು ಹಾಕಿದ ಸಿಡುಬಿನ ಆಸ್ಪತ್ರೆ

[ತೆರೆಯ ಮೇಲೆ: ಥೇಮ್ಸ್ ನದಿಯಲ್ಲಿ ಮೂರು ಹಡಗುಗಳ ಹಳೆಯ ಚಿತ್ರ]

ಈ ಮೂರು ಹಡಗುಗಳು ಎಲ್ಲಿಗೂ ಹೊರಡುವುದಿಲ್ಲ. 1884ರಿಂದ ಸುಮಾರು 20 ವರ್ಷ ಇಲ್ಲೇ ನಿಂತಿದ್ದವು. ಲಂಡನ್ನಿನ ಸಿಡುಬಿನ ರೋಗಿಗಳಿಗೆ ಇವೇ ಆಸ್ಪತ್ರೆ.

ಹಡಗೇ ಯಾಕೆ? ಊರೊಳಗೆ ಇರಲು ಜನ ಬಿಡಲಿಲ್ಲ. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಡಾವಣೆಯಲ್ಲಿ ಸಿಡುಬಿನ ಆಸ್ಪತ್ರೆ ಬಂದಾಗ ಅಕ್ಕಪಕ್ಕದವರು ಕೋರ್ಟಿಗೆ ಹೋದರು. ಕೇಸು ಆಗಿನ ಅತಿ ದೊಡ್ಡ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. 1881ರಲ್ಲಿ ಅಲ್ಲೂ ಅಕ್ಕಪಕ್ಕದವರ ಮಾತೇ ನಡೆಯಿತು. ನಮ್ಮೂರುಗಳಲ್ಲಿ ಕಸ ಸುರಿಯುವ ಜಾಗಕ್ಕೆ ನಡೆಯುವ ಜಗಳದ ಹಾಗೇ ಇದೆ, ಅಲ್ವಾ? ಕೊನೆಗೆ ಲಂಡನ್ ಬ್ರಿಡ್ಜ್‌ನಿಂದ ನದಿ ಹರಿಯುವ ದಿಕ್ಕಿನಲ್ಲಿ ಸುಮಾರು 27 ಕಿಲೋಮೀಟರ್ ದೂರ, ಲಾಂಗ್ ರೀಚ್ ಎಂಬಲ್ಲಿ ಲಂಗರು ಬಿತ್ತು.

ಅಟ್ಲಾಸ್ ಹಳೆಯ ಯುದ್ಧನೌಕೆ, ಗಂಡಸರಿಗೆ. ಕ್ಯಾಸ್ಟೇಲಿಯಾ ಹೆಂಗಸರಿಗೆ. ನಡುವಿನ ಎಂಡಿಮಿಯನ್‌ನಲ್ಲಿ ಆಫೀಸು, ಅಡುಗೆಮನೆ. ಕ್ಯಾಸ್ಟೇಲಿಯಾದ ಕತೆ ತಮಾಷೆಯದು. ಎರಡು ಹಡಗನ್ನು ಜೋಡಿಸಿದಂತೆ ಅಗಲವಾಗಿ ಕಟ್ಟಿದ್ದೇ ಪ್ರಯಾಣಿಕರಿಗೆ ವಾಂತಿ ಬರಬಾರದು ಅಂತ. ಆದರೆ ತುಂಬಾ ನಿಧಾನ, ಓಡಾಟಕ್ಕೆ ಆಗಿಬರಲಿಲ್ಲ. ನಿಂತಲ್ಲೇ ನಿಲ್ಲುವ ಆಸ್ಪತ್ರೆಗೆ ಆ ಅಗಲವೇ ಒದಗಿತು!

ಈಗ ಒಬ್ಬ ರೋಗಿಯ ಹಿಂದೆ ಹೋಗೋಣ. ಕುದುರೆಗಾಡಿ ಮನೆಯಿಂದ ಅವನನ್ನು ನದಿಯ ದಕ್ಕೆಗೆ ತರುತ್ತದೆ. ಸ್ಟೀಮರ್ ಹತ್ತುವ ಮೊದಲು ಡಾಕ್ಟರು ಮೈಮೇಲಿನ ಗುಳ್ಳೆಗಳನ್ನು ನೋಡಬೇಕು. ಇದು ಸುಮ್ನೆ ನಿಯಮ ಅಲ್ಲ. ಬರೀ ಸೀತಾಳೆ ಸಿಡುಬಿನವನನ್ನು ಹಡಗಿಗೆ ಕಳಿಸಿದರೆ, ಅವನಿಗೆ ಅಲ್ಲಿ ನಿಜವಾದ ಸಿಡುಬು ಅಂಟಬಹುದು. ಆ ಕಾಲದಲ್ಲಿ ಕಣ್ಣೇ ಲ್ಯಾಬು.

ಹಡಗಿನಲ್ಲಿ ಔಷಧಿ? ಸಿಡುಬನ್ನು ಗುಣಪಡಿಸುವಂಥದ್ದು ಒಂದೂ ಇರಲಿಲ್ಲ. ಗಾಳಿ, ಶುಭ್ರ ಹಾಸಿಗೆ, ಹಾಲು, ಗಂಜಿಯಂಥ ಮೆತ್ತನೆ ಆಹಾರ. ಗುಳ್ಳೆ ಕಣ್ಣಿಗೂ ಏಳುತ್ತಿತ್ತು, ದೃಷ್ಟಿಯೇ ಹೋಗಬಹುದಿತ್ತು. ಹಾಗಾಗಿ ಕಣ್ಣು ತೊಳೆಯುವುದು ನರ್ಸ್‌ಗೆ ದೊಡ್ಡ ಕೆಲಸ. ನಮ್ಮ ಅಜ್ಜಿಯರು 'ಅಮ್ಮ ಬಂದಿದ್ದಾಳೆ' ಎಂದು ಬೇವಿನ ಸೊಪ್ಪಿನಿಂದ ಮೈ ನೇವರಿಸುತ್ತಿದ್ದರಲ್ಲ, ಆರೈಕೆಯ ಮಟ್ಟಿಗೆ ಜಾಸ್ತಿ ದೂರವೇನಿಲ್ಲ. ಒಂದೇ ವ್ಯತ್ಯಾಸ, ನರ್ಸ್‌ಗಳಿಗೆ ಮತ್ತೊಮ್ಮೆ ಲಸಿಕೆ ಹಾಕಿರುತ್ತಿದ್ದರು. ಲಸಿಕೆ ಸಿಡುಬನ್ನು ತಡೆಯುತ್ತದೆ ಎಂದು ಇಂಗ್ಲೆಂಡಿನ ಡಾಕ್ಟರ್ ಜೆನ್ನರ್ 1796ರಲ್ಲೇ ತೋರಿಸಿಕೊಟ್ಟಿದ್ದ.

ಹಕ್ಕಳೆ ಪೂರ್ತಿ ಉದುರಿದ ಮೇಲೆ ಸ್ನಾನ, ಶುದ್ಧ ಮಾಡಿದ ಬಟ್ಟೆ, ಮತ್ತೆ ಸ್ಟೀಮರು.

1903ರಲ್ಲಿ ಹತ್ತಿರದ ದಡದ ಮೇಲೆ ಜಾಯ್ಸ್ ಗ್ರೀನ್ ಆಸ್ಪತ್ರೆ ತೆರೆಯಿತು. ಮರುವರ್ಷ ಮೂರೂ ಹಡಗು ಗುಜರಿಗೆ ಹೋದವು.